ಎದುರಾಳಿಯ ಕೈಗೆ ಅಳತೆಪಟ್ಟಿ: ಎಸ್. ಆರ್. ರಾವ್ ಅವರ ಲೋಥಲ್, ದ್ವಾರಕೆ ಮತ್ತು ಲಿಪಿ

ಗುಜರಾತಿಗೆ ಬಂದು ನೆಲೆಸಿದ ಕನ್ನಡಿಗರು ಇಲ್ಲಿನ ಇತಿಹಾಸದಲ್ಲಿ ನಮ್ಮವರೆಂದು ಮೊದಲು ಹೇಳಿಕೊಳ್ಳುವ ಹೆಸರು ಶಿಕಾರಿಪುರ ರಂಗನಾಥ ರಾವ್ ಅವರದು. 1922ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಬರೋಡಾ ಸಂಸ್ಥಾನದ ಪುರಾತತ್ವ ಇಲಾಖೆಗೆ ಕೆಲಸಕ್ಕೆ ಬಂದವರು. ಸಂಸ್ಥಾನ ಹೋದ ಮೇಲೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಸೇರಿ 1954ರಲ್ಲಿ ಲೋಥಲನ್ನು ಪತ್ತೆ ಮಾಡಿದರು. 1981ರಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವದ ಕೆಲಸಕ್ಕೆ ತಳಹದಿ ಹಾಕಿ ದ್ವಾರಕೆಯ ಸಮುದ್ರಕ್ಕೆ ಮುಳುಗುಗಾರರನ್ನು ಇಳಿಸಿದರು. ನಡುವೆ 1982ರಲ್ಲಿ ಸಿಂಧೂ ಲಿಪಿಯನ್ನು ಓದಿದ್ದೇನೆಂದು ಒಂದು ಪುಸ್ತಕವನ್ನೂ ತಂದರು. 2013ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ನಾನು ಪುರಾತತ್ವಜ್ಞನಲ್ಲ. ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸುವುದು ನನ್ನ ಹೊಟ್ಟೆಪಾಡು, ಗೋರ್ವಾದಲ್ಲಿ ಮನೆ. ಆದರೆ ಇಲ್ಲಿರುವವರಿಗೆ ಪ್ರಾಚೀನ ಇತಿಹಾಸದ ಜಗಳ ದೂರದ ಮಾತಲ್ಲ. ವಾಸದ್, ತಾರಾಪುರ, ವಟಾಮಣ್ ದಾರಿ ಹಿಡಿದರೆ ಲೋಥಲ್‌ಗೆ ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದು. ಖಂಭಾತ್ ಕೊಲ್ಲಿ ಇನ್ನೂ ಹತ್ತಿರ. ಊರಿನಿಂದ ಬರುವ ನೆಂಟರಿಗೆ ದ್ವಾರಕೆ ಆಗಲೇಬೇಕು. ಈ ಮೂರೂ ಜಾಗಗಳ ಬಗ್ಗೆ ಮೊಬೈಲಿಗೆ ಬರುವ ಸಂದೇಶಗಳಲ್ಲಿ ಒಂದೇ ಧಾಟಿ: ಜಗತ್ತಿನ ಮೊದಲ ಹಡಗುಕಟ್ಟೆ ಇಲ್ಲಿದೆ, ಕೃಷ್ಣನ ಊರು ಸಿಕ್ಕಿದೆ, ಒಂಬತ್ತೂವರೆ ಸಾವಿರ ವರ್ಷದ ನಗರ ಕಡಲಡಿಯಲ್ಲಿದೆ, ಇತಿಹಾಸಕಾರರು ಮುಚ್ಚಿಟ್ಟಿದ್ದಾರೆ. ಇದಕ್ಕೆ ಬರುವ ಉತ್ತರಕ್ಕೂ ಒಂದೇ ಧಾಟಿ: ಎಲ್ಲ ಬುರುಡೆ. ಇಬ್ಬರೂ ರಾವ್ ಅವರ ಹೆಸರನ್ನು ಎಳೆದು ತರುತ್ತಾರೆ, ಒಬ್ಬರು ಹಾರ ಹಾಕುವುದಕ್ಕೆ, ಇನ್ನೊಬ್ಬರು ನಗುವುದಕ್ಕೆ.

ರಾವ್ ಅವರು ಬರೆದದ್ದನ್ನು ಓದಿದರೆ ಎರಡೂ ಸಲ್ಲದು ಎನಿಸುತ್ತದೆ. ಒಂದೇ ತಲೆಯಿಂದ ಹೊರಟ ಮೂರು ದೊಡ್ಡ ವಾದಗಳು ಇವು. ಮೊದಲನೆಯದು ಇಂದಿಗೂ ಜೀವಂತವಾಗಿದೆ. ಎರಡನೆಯದು ಅರ್ಧ ನಿಂತಿದೆ. ಮೂರನೆಯದು ಬಿದ್ದುಹೋಗಿದೆ. ಬುದ್ಧಿವಂತಿಕೆಯೂ ದೇಶಪ್ರೇಮವೂ ಮೂರರಲ್ಲೂ ಒಂದೇ ಆಗಿದ್ದಾಗ ಈ ವ್ಯತ್ಯಾಸ ಎಲ್ಲಿಂದ ಬಂತು? ನನ್ನ ಉತ್ತರ ಇಷ್ಟು: ಒಪ್ಪದವನು ಬಂದು ಪರೀಕ್ಷಿಸಲು ರಾವ್ ಎಷ್ಟು ಜಾಗ ಬಿಟ್ಟರು ಎಂಬುದರ ಮೇಲೆ ಅವರ ವಾದದ ಆಯಸ್ಸು ನಿಂತಿದೆ.

ಲೋಥಲ್‌ನ ಕಟ್ಟೆ

ಅಹಮದಾಬಾದ್ ಜಿಲ್ಲೆಯ ಸರಗವಾಲಾ ಗ್ರಾಮದ ಹತ್ತಿರ ಇರುವ ಈ ದಿಬ್ಬವನ್ನು ರಾವ್ 1955ರಿಂದ 1962ರವರೆಗೆ ಅಗೆದರು. ಮಣಿ ತಯಾರಿಸುವ ಕುಲುಮೆ, ಚರಂಡಿ, ಇಟ್ಟಿಗೆಯ ಮನೆ, ಎತ್ತರದ ಜಗಲಿಯ ಮೇಲೆ ಉಗ್ರಾಣ, ಅದರಲ್ಲಿ ಸರಕಿನ ಗಂಟುಗಳಿಗೆ ಒತ್ತಿದ ಮಣ್ಣಿನ ಮುದ್ರೆಗಳು ಸಿಕ್ಕವು. ಆ ಮುದ್ರೆಗಳ ಹಿಂಬದಿಯಲ್ಲಿ ಚಾಪೆ, ಬಟ್ಟೆ, ಹಗ್ಗಗಳ ಗುರುತು ಅಚ್ಚೊತ್ತಿದೆ. ಇವುಗಳ ಬಗ್ಗೆ ಜಗಳವಿಲ್ಲ. ಜಗಳ ಇರುವುದು ಊರಿನ ಪೂರ್ವಕ್ಕೆ ಇರುವ ದೊಡ್ಡ ಇಟ್ಟಿಗೆಯ ತೊಟ್ಟಿಯ ಮೇಲೆ. ಉದ್ದ ಸುಮಾರು 218 ಮೀಟರ್, ಅಗಲ ಸುಮಾರು 37 ಮೀಟರ್. ಉತ್ತರದ ಕಡೆ ಸುಮಾರು 12 ಮೀಟರ್ ಅಗಲದ ಒಳಹರಿವಿನ ಬಾಯಿ, ದಕ್ಷಿಣದ ಗೋಡೆಯಲ್ಲಿ ಹೆಚ್ಚಾದ ನೀರು ಹೊರಹೋಗುವ ಕೋಡಿ. ರಾವ್ ಇದನ್ನು ಹಡಗುಕಟ್ಟೆ ಎಂದರು. ಭರತದ ಹೊತ್ತಿಗೆ ನದಿಯ ಮೂಲಕ ಒಳಬಂದ ಹಡಗು, ಇಳಿತದಲ್ಲೂ ತೇಲುತ್ತ ನಿಲ್ಲುವಂತೆ ಕಟ್ಟಿದ ಏರ್ಪಾಡು ಇದು ಎಂಬುದು ಅವರ ವಿವರಣೆ.

1968ರಲ್ಲಿ ಲಾರೆನ್ಸ್ ಲೆಶ್ನಿಕ್ ಎಂಬ ವಿದ್ವಾಂಸರು ಇದಕ್ಕೆ ಎದುರು ಬರೆದರು. ಇದು ಹಡಗುಕಟ್ಟೆಯಲ್ಲ, ಕುಡಿಯಲು ಮತ್ತು ಬೇಸಾಯಕ್ಕೆ ಸಿಹಿನೀರು ತುಂಬಿಡುವ ಕೆರೆ ಎಂಬುದು ಅವರ ವಾದ. ಈ ಪ್ರದೇಶದ ನೆಲದ ನೀರು ಉಪ್ಪು, ಹಾಗಾಗಿ ಊರಿಗೆ ಇಂಥ ತೊಟ್ಟಿ ಬೇಕಿತ್ತು. ಆ ಕಾಲದ ದೋಣಿಗಳನ್ನು ದಡಕ್ಕೆ ಎಳೆದುಕೊಂಡರೆ ಸಾಕಿತ್ತು, ಇಷ್ಟು ಇಟ್ಟಿಗೆ ಸುರಿದು ಕಟ್ಟೆ ಕಟ್ಟುವ ಅಗತ್ಯವಿರಲಿಲ್ಲ. ರಾವ್ ಲಂಗರು ಎಂದ ತೂತಿನ ಕಲ್ಲುಗಳು ಏತದ ಭಾರದ ಕಲ್ಲುಗಳಾಗಿರಬಹುದು.

ಬಯಲುಸೀಮೆಯ ಕನ್ನಡಿಗರು ಈ ವಾದವನ್ನು ತಟ್ಟನೆ ಹಿಡಿಯುತ್ತಾರೆ. ಕೆರೆ, ಏರಿ, ತೂಬು, ಕೋಡಿ, ಏತ ನಮಗೆ ಪುಸ್ತಕದ ಪದಗಳಲ್ಲ. ಲೋಥಲ್‌ನ ನಕ್ಷೆ ನೋಡಿದ ನಮ್ಮ ಕಡೆಯ ರೈತನೊಬ್ಬ ಮೊದಲು ಕೆರೆ ಎಂದೇ ಹೇಳುತ್ತಾನೇನೋ. ಆದರೆ ಅದೇ ರೈತ ಎರಡನೇ ಪ್ರಶ್ನೆಯನ್ನೂ ಕೇಳುತ್ತಾನೆ: ನೀರಿಗೆ ಇಳಿಯುವ ಮೆಟ್ಟಿಲು ಎಲ್ಲಿ? ಕಲ್ಯಾಣಿಗೆ ಸೋಪಾನ ಬೇಕು, ಕೆರೆಗೆ ಇಳಿಜಾರು ಬೇಕು. ಇಲ್ಲಿ ಕಾಣುವುದು ನೆಟ್ಟಗೆ ಎದ್ದ ಇಟ್ಟಿಗೆ ಗೋಡೆ.

ಮುಂದೆ 1980ರ ದಶಕದಲ್ಲಿ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ತೊಟ್ಟಿಯ ಮಣ್ಣಿನಲ್ಲಿ ಕಡಲಿನ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ಕಂಡರು. ಉಪ್ಪುನೀರು ಒಳಗೆ ಬಂದಿತ್ತು ಎಂದಾಯಿತು. ಕುಡಿಯುವ ನೀರಿನ ಕೆರೆ ಎಂಬ ವಾದಕ್ಕೆ ಇದು ಪೆಟ್ಟು. ಆದರೆ ನೀರು ಬಂದಿತ್ತು ಎಂದರೆ ಹಡಗೂ ಬಂದಿತ್ತು ಎಂದಾಗದು. 2024ರಲ್ಲಿ ಗಾಂಧಿನಗರದ ಐಐಟಿಯ ಸಂಶೋಧಕರು ಉಪಗ್ರಹ ಚಿತ್ರಗಳಿಂದ ಹಳೆಯ ನದೀಪಾತ್ರಗಳನ್ನು ಗುರುತಿಸಿ, ಈಗ ಸುಮಾರು 20 ಕಿಲೋಮೀಟರ್ ಆಚೆ ಹರಿಯುವ ಸಾಬರಮತಿ ಹರಪ್ಪಾ ಕಾಲದಲ್ಲಿ ಲೋಥಲ್ ಪಕ್ಕದಲ್ಲೇ ಹರಿಯುತ್ತಿತ್ತು ಎಂದರು. ನಲ್ ಸರೋವರ, ಕಛ್‌ನ ಸಣ್ಣ ರಣ್ ಮೂಲಕ ಧೋಲಾವೀರಾಕ್ಕೆ ದೋಣಿದಾರಿ ಇತ್ತೆಂಬ ಸಾಧ್ಯತೆಯನ್ನೂ ಮುಂದಿಟ್ಟರು. ರಾವ್ ಅವರ ವಾದಕ್ಕೆ ಇದು ಬಲ ಕೊಡುತ್ತದೆ. ಊರು ನದಿಯ ದಂಡೆಯಲ್ಲಿತ್ತು ಎಂಬುದು ಗಟ್ಟಿಯಾದಂತೆ, ದಂಡೆಯಲ್ಲಿದ್ದ ತೊಟ್ಟಿ ಯಾವುದಕ್ಕೆ ಎಂಬ ಪ್ರಶ್ನೆ ಇನ್ನಷ್ಟು ಚುರುಕಾಗುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಲೆಶ್ನಿಕ್ ಅವರು ರಾವ್ ಅವರನ್ನು ಎದುರಿಸಿದ್ದು ರಾವ್ ಅವರೇ ಪ್ರಕಟಿಸಿದ ಅಳತೆಗಳನ್ನು, ಅವರೇ ಗುರುತಿಸಿದ ಕೋಡಿಯನ್ನು, ಅವರೇ ಎತ್ತಿಟ್ಟ ಕಲ್ಲುಗಳನ್ನು ಹಿಡಿದು. ಮುಂದೆ ಸರ್ವೇಕ್ಷಣ ಇಲಾಖೆಯ ಮೆಮೊಯಿರ್ ಮಾಲೆಯಲ್ಲಿ 1979 ಮತ್ತು 1985ರಲ್ಲಿ ಎರಡು ಸಂಪುಟಗಳಾಗಿ ಲೋಥಲ್‌ನ ಪೂರ್ಣ ವರದಿ ಬಂತು. ಯಾವ ಸ್ತರದಲ್ಲಿ ಏನು ಸಿಕ್ಕಿತು, ಗೋಡೆ ಎಷ್ಟು ದಪ್ಪ, ನೆರೆ ಬಂದ ಗುರುತು ಎಲ್ಲಿದೆ ಎಂಬುದೆಲ್ಲ ಅದರಲ್ಲಿದೆ. ತನ್ನನ್ನು ಸೋಲಿಸಲು ಬೇಕಾದ ಸಾಮಗ್ರಿಯನ್ನೆಲ್ಲ ಕೈಯಾರೆ ಪಟ್ಟಿ ಮಾಡಿ ಒಪ್ಪಿಸಿದ ಪುಸ್ತಕ ಅದು. ಅರ್ಧ ಶತಮಾನದ ನಂತರವೂ ಉಪಗ್ರಹದ ಚಿತ್ರ ಹಿಡಿದುಕೊಂಡು ಅದೇ ಪ್ರಶ್ನೆಗೆ ಮರಳಲು ಸಾಧ್ಯವಾದದ್ದು ಇದರಿಂದ.

ನಮ್ಮ ಕೆಲಸದಲ್ಲಿ ಒಂದು ಅಭ್ಯಾಸವಿದೆ: ಯಾವುದು ಯಾವುದರ ಮೇಲೆ ನಿಂತಿದೆ ಎಂದು ಮೊದಲು ಗೆರೆ ಎಳೆಯುವುದು. ಲೋಥಲ್‌ಗೂ ಹಾಗೆ ಎಳೆದು ನೋಡಬೇಕು. ತೊಟ್ಟಿ ಕೆರೆಯೆಂದೇ ತೀರ್ಮಾನವಾದರೆ ಹರಪ್ಪಾ ಜನರ ಕಡಲ ವ್ಯಾಪಾರ ಬಿದ್ದುಹೋಗುತ್ತದೆಯೇ? ಇಲ್ಲ. ಪರ್ಷಿಯನ್ ಕೊಲ್ಲಿಯ ಶೈಲಿಯ ದುಂಡು ಮುದ್ರೆ ಲೋಥಲ್‌ನಲ್ಲೇ ಸಿಕ್ಕಿದೆ. ಮೆಲುಹ್ಹಾದ ಹಡಗುಗಳು ತನ್ನ ಕಟ್ಟೆಗೆ ಬಂದು ನಿಂತವು ಎಂದು ಅಕ್ಕಾಡಿನ ದೊರೆ ಸಾರ್ಗಾನ್ ಹೇಳಿಕೊಂಡಿದ್ದಾನೆ. ಮೆಲುಹ್ಹಾ ಎಂದರೆ ಸಿಂಧೂ ಕಣಿವೆಯ ನಾಡು ಎಂದು ಬಹುತೇಕ ವಿದ್ವಾಂಸರ ಅಭಿಪ್ರಾಯ. ವ್ಯಾಪಾರ ಬೇರೆ ಆಧಾರಗಳ ಮೇಲೆ ನಿಂತಿದೆ. ತೊಟ್ಟಿಯ ಬಗ್ಗೆ ಅನುಮಾನ ಎತ್ತಿದ ಕೂಡಲೇ ನಾಗರಿಕತೆಗೇ ಅವಮಾನವಾಯಿತೆಂದು ಸಿಟ್ಟಾಗುವವರು ಈ ಗೆರೆಗಳನ್ನು ಎಳೆದಿರುವುದಿಲ್ಲ.

ದ್ವಾರಕೆಯ ಕಲ್ಲುಗಳು

ದ್ವಾರಕೆಗೆ ಬಂದಾಗ ರಾವ್ ಬದಲಾಗುತ್ತಾರೆ. ಅವರು ಅಲ್ಲಿಗೆ ಹೋಗುವ ಮೊದಲೇ, 1963ರಲ್ಲಿ, ಎಚ್. ಡಿ. ಸಾಂಕಳಿಯಾ ಅವರ ನೇತೃತ್ವದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನವರು ಊರಿನೊಳಗೆ ಅಗೆದು, ಕ್ರಿಸ್ತಶಕದ ಆಸುಪಾಸಿನಿಂದ ಈಚಿನ ನೆಲೆಗಳನ್ನು ಕಂಡಿದ್ದರು. 1979–80ರಲ್ಲಿ ರಾವ್ ದ್ವಾರಕಾಧೀಶ ದೇವಾಲಯದ ಮುಂದೆ ಅಗೆದು, ಈಗಿನ ಗುಡಿಗಿಂತ ಹಳೆಯ ಗುಡಿಗಳ ಅವಶೇಷ ತೋರಿಸಿದರು. 1983ರಿಂದ ಸಮುದ್ರಕ್ಕಿಳಿದರು. ಕೆಲವೇ ಮೀಟರ್ ಆಳದಲ್ಲಿ ಕೆತ್ತಿದ ಕಲ್ಲಿನ ಚಪ್ಪಡಿಗಳು, ಅರ್ಧವೃತ್ತದ ಬುರುಜಿನಂಥ ರಚನೆಗಳು, ಮೂರು ತೂತಿನ ಕಲ್ಲಿನ ಲಂಗರುಗಳು ಸಿಕ್ಕವು. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಬೇಟ್ ದ್ವಾರಕಾ ದ್ವೀಪದಲ್ಲಿ ಹರಪ್ಪಾದ ಕೊನೆಗಾಲದ ಮಡಕೆ ಚೂರುಗಳು, ಮೂರು ತಲೆಯ ಪ್ರಾಣಿಯನ್ನು ಕೊರೆದ ಶಂಖದ ಮುದ್ರೆ ದೊರೆತವು. ಇವನ್ನೆಲ್ಲ ಕೂಡಿಸಿ, ಇದು ಕ್ರಿ.ಪೂ. 15–16ನೇ ಶತಮಾನದಲ್ಲಿ ಮುಳುಗಿದ, ಮಹಾಭಾರತ ಹೇಳುವ ದ್ವಾರಕೆಯೇ ಎಂದು ರಾವ್ ತೀರ್ಮಾನಿಸಿದರು. ಅದರ ವಿವರವಾದ ಮಂಡನೆ 1999ರ ‘ದಿ ಲಾಸ್ಟ್ ಸಿಟಿ ಆಫ್ ದ್ವಾರಕಾ’ ಪುಸ್ತಕದಲ್ಲಿದೆ.

ರಾವ್ ಅವರ ವಾದದ ನಡಿಗೆಗೆ ಒಂದು ಉದಾಹರಣೆ ಸಾಕು. ದ್ವಾರಕೆಯ ಪ್ರಜೆಗಳು ಗುರುತಿಗಾಗಿ ಮುದ್ರೆ ಇಟ್ಟುಕೊಂಡಿರಬೇಕು ಎಂಬ ಮಾತು ಹರಿವಂಶದಲ್ಲಿ ಬರುತ್ತದೆ. ಬೇಟ್ ದ್ವಾರಕಾದಲ್ಲಿ ಒಂದು ಮುದ್ರೆ ಸಿಕ್ಕಿತು. ಆದ್ದರಿಂದ ಹರಿವಂಶದ ಮಾತಿಗೆ ಸಾಕ್ಷಿ ಸಿಕ್ಕಿತು ಎನ್ನುತ್ತಾರೆ ರಾವ್. ಆದರೆ ಹರಪ್ಪಾ ಸಂಸ್ಕೃತಿಯ ಊರುಗಳಲ್ಲಿ ಮುದ್ರೆಗಳು ಸಾವಿರಗಟ್ಟಲೆ ಸಿಕ್ಕಿವೆ, ಲೋಥಲ್‌ನಲ್ಲಿ ರಾವ್ ಅವರೇ ಅಗೆದು ತೆಗೆದಿದ್ದಾರೆ. ಆ ಊರುಗಳೆಲ್ಲ ದ್ವಾರಕೆಯಾಗಲಿಲ್ಲ. ಮುದ್ರೆ ಇತ್ತು ಎನ್ನುವುದು ಆ ಊರಿಗೆ ವ್ಯಾಪಾರದ ನಂಟಿತ್ತು ಎಂದು ಹೇಳಬಹುದು. ಅದನ್ನು ಹಿಡಿದವನು ಯಾದವನೋ ಅಲ್ಲವೋ ಎಂದು ಹೇಳಲಾರದು.

ಇದಕ್ಕಿಂತ ದೊಡ್ಡ ತೊಡಕು ಒಂದು ಜಾಗದ ಕಾಲವನ್ನು ಇನ್ನೊಂದು ಜಾಗಕ್ಕೆ ದಾಟಿಸಿದ್ದು. ಹಳೆಯ ಮಡಕೆ ಸಿಕ್ಕಿದ್ದು ಬೇಟ್ ದ್ವಾರಕಾದಲ್ಲಿ. ಚಪ್ಪಡಿಗಳು ಸಿಕ್ಕಿದ್ದು ದ್ವಾರಕೆಯ ಎದುರಿನ ಕಡಲಲ್ಲಿ. ಕಲ್ಲನ್ನು ಯಾವಾಗ ಕೆತ್ತಿದರೆಂದು ಕಲ್ಲು ತಾನಾಗಿ ಹೇಳುವುದಿಲ್ಲ. ಅದರ ಜೊತೆ, ಅದರ ಅಡಿಯಲ್ಲಿ, ಕದಡದ ಸ್ತರದಲ್ಲಿ ಏನಾದರೂ ಸಿಗಬೇಕು. ಅಲೆ ಬಡಿಯುವ ಆಳವಿಲ್ಲದ ಸಮುದ್ರದಲ್ಲಿ ಅಂಥ ಸ್ತರ ಉಳಿಯುವುದು ಕಷ್ಟ. 2004ರಲ್ಲಿ ಅದೇ ಸಾಗರವಿಜ್ಞಾನ ಸಂಸ್ಥೆಯ ಎ. ಎಸ್. ಗೌರ್, ಸುಂದರೇಶ್ ಮೊದಲಾದವರು ತಮ್ಮ ಹೊಸ ಮುಳುಗು ಶೋಧಗಳನ್ನು ಆಧರಿಸಿ ಬರೆದಾಗ, ಇಲ್ಲೊಂದು ಹಳೆಯ ಬಂದರು ಇದ್ದದ್ದು ನಿಜ, ಆದರೆ ಲಂಗರು ಮತ್ತು ರಚನೆಗಳು ಬಹುಮಟ್ಟಿಗೆ ಐತಿಹಾಸಿಕ ಕಾಲಕ್ಕೆ ಸೇರುವಂಥವು ಎಂಬ ನಿಲುವಿಗೆ ಬಂದರು. ರಾವ್ ಕಟ್ಟಿದ ಕೇಂದ್ರದಲ್ಲೇ ಅವರ ತೀರ್ಮಾನ ತಿದ್ದುಪಡಿಯಾಯಿತು. 2025ರ ಫೆಬ್ರವರಿಯಲ್ಲಿ ಪುರಾತತ್ವ ಇಲಾಖೆಯ ತಂಡ ಅಲ್ಲಿ ಮತ್ತೆ ನೀರಿಗಿಳಿಯಿತು. ಪ್ರಶ್ನೆ ಮುಗಿದಿಲ್ಲ ಎಂಬುದಕ್ಕೆ ಅದೇ ಗುರುತು.

ಹಾಗಾದರೆ ದಂತಕಥೆಗೆ ಬೆಲೆ ಇಲ್ಲವೇ? ಇದೆ, ಆದರೆ ಅದನ್ನು ಸರಿಯಾದ ಪ್ರಶ್ನೆಗೆ ಹಚ್ಚಬೇಕು. ಹೋಮರನ ಕಾವ್ಯ ಹಿಡಿದು ಹೊರಟ ಶ್ಲೀಮನ್ ಟ್ರಾಯ್ ಊರನ್ನು ಅಗೆದದ್ದು ನಿಜ. ಇದೇ ಪ್ರಿಯಾಮನ ಊರೆಂದು ಆತ ಸಾರಿದ ಸ್ತರ ಮಾತ್ರ ಕಾವ್ಯದ ಯುದ್ಧಕ್ಕೆ ಹೇಳುವ ಕಾಲಕ್ಕಿಂತ ಸಾವಿರ ವರ್ಷ ಹಿಂದಿನದು, ಅವಸರದಲ್ಲಿ ಅದರ ಮೇಲಿನ ಸ್ತರಗಳನ್ನು ಆತನೇ ಕಡಿದು ಹಾಕಿದ್ದ. ಎಲ್ಲಿ ಅಗೆಯಬೇಕೆಂದು ಕಥೆ ಹೇಳಿತು. ಅಗೆದಾಗ ಸಿಕ್ಕಿದ್ದು ಏನೆಂದು ಹೇಳಲು ಕಥೆಗೆ ಆಗಲಿಲ್ಲ.

ನಮ್ಮ ಕರಾವಳಿಯ ಕಥೆಯನ್ನೇ ನೋಡಿ. ಉಡುಪಿಯ ಕೃಷ್ಣ ದ್ವಾರಕೆಯಿಂದ ಬಂದವನು. ರುಕ್ಮಿಣಿ ಪೂಜಿಸಿದ ವಿಗ್ರಹ ಗೋಪೀಚಂದನದ ಗಡ್ಡೆಯೊಳಗೆ ಅಡಗಿ, ಹಡಗಿನಲ್ಲಿ ಭಾರಕ್ಕೆಂದು ಇಟ್ಟ ಮಣ್ಣಾಗಿ ಮಲ್ಪೆಯವರೆಗೆ ಬಂತು, ಬಿರುಗಾಳಿಗೆ ಸಿಕ್ಕ ಆ ಹಡಗನ್ನು ಮಧ್ವಾಚಾರ್ಯರು ಕಾಪಾಡಿದರು. ಇದರಿಂದ ವಿಗ್ರಹದ ವಯಸ್ಸು ಲೆಕ್ಕ ಹಾಕಲು ಹೊರಟರೆ ಕೈಗೆ ಏನೂ ಹತ್ತುವುದಿಲ್ಲ. ಆದರೆ ಸೌರಾಷ್ಟ್ರಕ್ಕೂ ತುಳುನಾಡಿಗೂ ಹಡಗು ಓಡಾಡುತ್ತಿತ್ತು, ಖಾಲಿ ಹಡಗಿಗೆ ಭಾರ ಹಾಕುತ್ತಿದ್ದರು, ದ್ವಾರಕೆಯ ಗೋಪೀಚಂದನ ದಕ್ಷಿಣದಲ್ಲಿ ಬೆಲೆಬಾಳುತ್ತಿತ್ತು ಎಂಬ ಮೂರು ಸಂಗತಿಗಳು ಕಥೆ ಕಟ್ಟಿದವರಿಗೆ ದಿನದ ಅನುಭವವಾಗಿದ್ದವು. ನಾವಿಕರ ಲೋಕವೊಂದು ಕಥೆಯೊಳಗೆ ಉಳಿದುಕೊಂಡಿದೆ. ಭಕ್ತನಿಗೆ ಬೇಕಾದ್ದು ಬೇರೆ ಇರಬಹುದು, ಇತಿಹಾಸ ಓದುವವನಿಗೆ ಇದೂ ದೊಡ್ಡ ಸಂಪತ್ತು.

ಕನ್ನಡದ ಓದುಗರು ಇನ್ನೊಂದನ್ನು ನೆನಪಿಸಿಕೊಳ್ಳಬಹುದು. ನಮ್ಮ ಹಿರಿಯರು ಗಮಕದಲ್ಲಿ ಕೇಳಿ ಬೆಳೆದ ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ನಿಲ್ಲುತ್ತದೆ. ದ್ವಾರಕೆ ಮುಳುಗುವ ಮೌಸಲಪರ್ವ ಅದರಲ್ಲಿಲ್ಲ. ಉಳಿದ ಪರ್ವಗಳನ್ನು ಮುಂದೆ ಬರೆದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಕೃಷ್ಣನನ್ನು ಅಷ್ಟು ಪ್ರೀತಿಸಿದ ಕವಿಯ ಕಾವ್ಯ ಆ ಊರಿನ ಮುಳುಗಡೆಯಿಲ್ಲದೆಯೇ ಶತಮಾನಗಟ್ಟಲೆ ನಮ್ಮನ್ನು ಸಾಕಿದೆ. ಕಡಲಡಿಯ ಕಲ್ಲಿನ ವಯಸ್ಸು ಕಡಿಮೆಯಾದರೆ ಕಾವ್ಯದ ತೂಕ ಕಡಿಮೆಯಾಗುತ್ತದೆ ಎಂಬ ಅಂಜಿಕೆ ನಮ್ಮ ಹಳಬರಿಗೆ ಇರಲಿಲ್ಲ.

ಒಂದಕ್ಕೊಂದು ಹೊಂದದ ಮೂರು ಕಾಲ

ರಾವ್ ಅವರದಲ್ಲದಿದ್ದರೂ ಅವರ ದ್ವಾರಕೆಯ ಜೊತೆ ಸದಾ ಕಟ್ಟಿಬರುವ ಇನ್ನೊಂದು ವಾದವಿದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಖಂಭಾತ್ ಕೊಲ್ಲಿಯಲ್ಲಿ ಮಾಲಿನ್ಯದ ಸಮೀಕ್ಷೆ ನಡೆಸುವಾಗ, ಶಬ್ದತರಂಗದಿಂದ ತೆಗೆದ ತಳದ ಚಿತ್ರಗಳಲ್ಲಿ ಚೌಕಾಕಾರದ ಗುರುತುಗಳು ಕಂಡವು. 2001ರ ಮೇ ತಿಂಗಳಲ್ಲಿ ಆಗಿನ ಕೇಂದ್ರ ಸಚಿವ ಮುರಳಿ ಮನೋಹರ ಜೋಶಿ ಅದನ್ನು ಪ್ರಾಚೀನ ನಗರವೆಂದು ಘೋಷಿಸಿದರು. ತಳವನ್ನು ಬಾಚಿ ಮೇಲೆತ್ತಿದಾಗ ಕಲ್ಲು, ಮಡಕೆಯಂಥ ಚೂರು, ಮೂಳೆ, ಮರದ ತುಂಡು ಬಂದವು. ಮರವನ್ನು ಎರಡು ಪ್ರಯೋಗಾಲಯಗಳಲ್ಲಿ ನೋಡಿದರು. ಲಕ್ನೋದಲ್ಲಿ ಸುಮಾರು ಕ್ರಿ.ಪೂ. 5500, ಹೈದರಾಬಾದಿನಲ್ಲಿ ಸುಮಾರು ಕ್ರಿ.ಪೂ. 7500 ಎಂದು ಬಂತು. ಹೆಚ್ಚಿನದು ಸುದ್ದಿಯಾಯಿತು. 2002ರಲ್ಲಿ ಗ್ರಹಾಂ ಹ್ಯಾನ್‌ಕಾಕ್ ತಮ್ಮ ‘ಅಂಡರ್‌ವರ್ಲ್ಡ್’ ಪುಸ್ತಕದಲ್ಲಿ ಇದನ್ನು ಹಿಮಯುಗದ ಕೊನೆಗೆ ಮುಳುಗಿದ ಮರೆತ ನಾಗರಿಕತೆಯ ಕಥೆಗೆ ಸೇರಿಸಿಕೊಂಡರು.

ಹಿಮಯುಗ ಮುಗಿದಾಗ ಸಮುದ್ರ ಮೇಲೇರಿದ್ದು, ಈಗ ನೀರಡಿ ಇರುವ ಕೊಲ್ಲಿಯ ತಳ ಒಂದು ಕಾಲಕ್ಕೆ ಒಣನೆಲವಾಗಿದ್ದದ್ದು ನಿಜ. ಅಲ್ಲಿ ಜನ ಓಡಾಡಿರಬಹುದು ಎಂಬ ಊಹೆಯಲ್ಲಿ ಹುಚ್ಚೇನೂ ಇಲ್ಲ. ಆದರೆ ಮರದ ತುಂಡಿನ ಕಾಲಮಾಪನ ಆ ಮರ ಯಾವಾಗ ಸತ್ತಿತೆಂದು ಹೇಳುತ್ತದೆ. ಅದರ ಪಕ್ಕದಲ್ಲಿ ಯಾರಾದರೂ ಮನೆ ಕಟ್ಟಿದ್ದರೇ ಎಂದು ಹೇಳುವುದಿಲ್ಲ. ಖಂಭಾತ್ ಕೊಲ್ಲಿಯ ಭರತ–ಇಳಿತ ದೇಶದಲ್ಲೇ ಅತಿ ಹೆಚ್ಚು, ಹತ್ತು ಮೀಟರಿನ ಆಸುಪಾಸು. ಸಾಬರಮತಿ, ನರ್ಮದಾ, ತಾಪಿಯ ಜೊತೆ ನಮ್ಮ ವಡೋದರಾ ಪಕ್ಕದ ಮಹೀ ನದಿಯೂ ತನ್ನ ಹೂಳನ್ನೆಲ್ಲ ಅಲ್ಲಿಗೇ ಸುರಿಯುತ್ತದೆ. ಅಂಥ ಕಡೆ ಬಾಚಿ ತೆಗೆದ ಬುಟ್ಟಿಯಲ್ಲಿ ಅಕ್ಕಪಕ್ಕ ಬಂದ ಎರಡು ವಸ್ತುಗಳು ತಳದಲ್ಲೂ ಅಕ್ಕಪಕ್ಕ ಇದ್ದವು ಎನ್ನಲಾಗದು. ಸ್ತರವಿಲ್ಲ. ಲೋಥಲ್‌ನಲ್ಲಿ ಲೆಶ್ನಿಕ್‌ಗೆ ಸಿಕ್ಕ ಅಳತೆಪಟ್ಟಿ ಇಲ್ಲಿ ಯಾರಿಗೂ ಸಿಗುವಂತಿಲ್ಲ.

ಇನ್ನು ಮೂರನೆಯ ಕಾಲ ನಮ್ಮ ಐಹೊಳೆಯಲ್ಲೇ ಇದೆ. ಮೇಗುತಿ ಗುಡಿಯ ಗೋಡೆಯ ಮೇಲೆ ಇಮ್ಮಡಿ ಪುಲಿಕೇಶಿಯ ಕವಿ ರವಿಕೀರ್ತಿ ಬರೆದ ಶಾಸನ, ಭಾರತ ಯುದ್ಧವಾಗಿ 3735 ವರ್ಷ ಮತ್ತು ಶಕವರ್ಷ 556 ಕಳೆದಿತ್ತು ಎಂದು ಕಾಲ ಹೇಳುತ್ತದೆ. ಅಂದರೆ ಕ್ರಿ.ಶ. 634. ಹಿಂದಕ್ಕೆ ಎಣಿಸಿದರೆ ಯುದ್ಧ ಕ್ರಿ.ಪೂ. 3102ಕ್ಕೆ ಬಂದು ನಿಲ್ಲುತ್ತದೆ, ಪಂಚಾಂಗದ ಕಲಿಯುಗದ ಆರಂಭಕ್ಕೆ. ಯುದ್ಧ ನಡೆಯಿತೆಂಬುದಕ್ಕೆ ಇದನ್ನು ಪುರಾವೆಯಾಗಿ ಎತ್ತಿ ಹಿಡಿಯುವವರಿದ್ದಾರೆ. ಏಳನೇ ಶತಮಾನದ ಬಾದಾಮಿ ಚಾಲುಕ್ಯರ ವಿದ್ವಾಂಸರು ಆ ಲೆಕ್ಕವನ್ನು ನಂಬಿ ಬಳಸುತ್ತಿದ್ದರು ಎಂಬುದಕ್ಕೆ ಅದು ಅತ್ಯುತ್ತಮ ಪುರಾವೆ. ಮೂರೂಮುಕ್ಕಾಲು ಸಾವಿರ ವರ್ಷ ಹಿಂದೆ ನಡೆದದ್ದಕ್ಕೆ ಅದು ಪ್ರತ್ಯಕ್ಷ ಸಾಕ್ಷಿಯಾಗಲಾರದು.

ಈಗ ಮೂರನ್ನೂ ಒಂದೇ ಸಾಲಿನಲ್ಲಿ ಇಡಿ: ಖಂಭಾತ್ ಕ್ರಿ.ಪೂ. 7500, ಪಂಚಾಂಗ ಕ್ರಿ.ಪೂ. 3102, ರಾವ್ ಅವರ ದ್ವಾರಕೆ ಕ್ರಿ.ಪೂ. 1500ರ ಆಚೀಚೆ. ಕೊನೆಯ ಎರಡರ ನಡುವಿನ ಅಂತರವೇ 1600 ವರ್ಷ, ನಮಗೂ ಹಲ್ಮಿಡಿ ಶಾಸನಕ್ಕೂ ಇರುವಷ್ಟು. ರಾವ್ ಸರಿಯಾದರೆ ಪಂಚಾಂಗ ತಪ್ಪು, ಪಂಚಾಂಗ ಸರಿಯಾದರೆ ರಾವ್ ತಪ್ಪು. ಖಂಭಾತ್ ನಿಜವಾದರೂ ಅದು ಎರಡಕ್ಕೂ ಸೇರದು. ಆದರೂ ಸಂದೇಶಗಳಲ್ಲಿ ಮೂರೂ ಒಂದೇ ಹಾರದ ಹೂವುಗಳಾಗಿ ಬರುತ್ತವೆ, ಒಂದು ಇನ್ನೊಂದಕ್ಕೆ ಸಾಕ್ಷಿಯೆಂಬಂತೆ. ಇತಿಹಾಸಕಾರರು ಮುಚ್ಚಿಟ್ಟರೆಂದು ದೂರುವವರು ರಾವ್ ಅವರ ಪುಸ್ತಕವನ್ನಾದರೂ ತೆರೆದು ನೋಡಿದ್ದರೆ ಈ ಜಗಳ ಕಣ್ಣಿಗೆ ಬೀಳುತ್ತಿತ್ತು. ಹಳೆಯದು ಎಂಬ ಒಂದೇ ಗುಣ ಸಾಕು ಎಂದಾದಾಗ ಯಾವ ಕಾಲ ಎಂಬ ಪ್ರಶ್ನೆಯೇ ಬೇಡವಾಗುತ್ತದೆ.

ಯಾರೂ ತಪ್ಪೆಂದು ತೋರಿಸಲಾಗದ ಓದು

1982ರ ‘ದಿ ಡಿಸೈಫರ್ಮೆಂಟ್ ಆಫ್ ದಿ ಇಂಡಸ್ ಸ್ಕ್ರಿಪ್ಟ್’ ರಾವ್ ಅವರ ಪುಸ್ತಕಗಳಲ್ಲಿ ಅತಿ ದುರ್ಬಲವಾದದ್ದು. ಹರಪ್ಪಾ ಚಿಹ್ನೆಗಳಲ್ಲಿ ಬಹುಪಾಲು ಕೂಡುಚಿಹ್ನೆಗಳೆಂದು ಬಿಡಿಸಿ, ಮೂಲಚಿಹ್ನೆಗಳ ಸಂಖ್ಯೆಯನ್ನು ಬಹಳ ಕೆಳಗಿಳಿಸಿ, ಅವನ್ನು ಪಶ್ಚಿಮ ಏಷ್ಯಾದ ಸೆಮಿಟಿಕ್ ಅಕ್ಷರಗಳೊಂದಿಗೆ ಹೋಲಿಸಿ ಧ್ವನಿ ಕೊಟ್ಟು, ಸಂಸ್ಕೃತಕ್ಕೆ ಹತ್ತಿರದ ಭಾಷೆಯನ್ನು ಅವರು ಓದಿದರು. ಐರಾವತಂ ಮಹಾದೇವನ್ 1977ರ ತಮ್ಮ ಪಟ್ಟಿಯಲ್ಲಿ 417 ಚಿಹ್ನೆಗಳನ್ನು ಎಣಿಸಿದ್ದರು. ಅಷ್ಟು ಚಿಹ್ನೆಗಳಿರುವ ಬರಹ ಅಕ್ಷರಮಾಲೆಯಾಗುವುದು ಕಷ್ಟ. ಬರಹಗಳೋ ಸರಾಸರಿ ಐದು ಚಿಹ್ನೆಯಷ್ಟು ಗಿಡ್ಡ. ದ್ವಿಭಾಷಾ ಶಾಸನವಿಲ್ಲ. ಇಂಥ ಕಡೆ ಚಿಹ್ನೆಯನ್ನು ಒಡೆಯುವ, ಕೂಡಿಸುವ, ಧ್ವನಿ ಆರಿಸುವ ಸ್ವಾತಂತ್ರ್ಯ ಒಬ್ಬನಿಗೇ ಇದ್ದರೆ ಬೇಕಾದ ಭಾಷೆ ಹೊರಬರುತ್ತದೆ. ಬೇರೆಯವರು ಅದೇ ಲಿಪಿಯಲ್ಲಿ ದ್ರಾವಿಡವನ್ನು ಓದಿದ್ದಾರೆ. 2004ರಲ್ಲಿ ಫಾರ್ಮರ್, ಸ್ಪ್ರೋಟ್, ವಿಟ್ಜೆಲ್ ಇದು ಭಾಷೆಯ ಬರಹವೇ ಅಲ್ಲ ಎಂದರು. 2025ರ ಜನವರಿಯಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಓದಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದ್ದೇ ಯಾರ ಓದೂ ಒಪ್ಪಿತವಾಗಿಲ್ಲ ಎಂಬುದಕ್ಕೆ ಸಾಕ್ಷಿ.

ಹೊರಗಿನವರು ಲಿಪಿ ಓದಬಾರದೆಂದಲ್ಲ. ಗ್ರೀಸಿನ ಲೀನಿಯರ್ ಬಿ ಲಿಪಿಯನ್ನು 1952ರಲ್ಲಿ ಓದಿದ ಮೈಕೆಲ್ ವೆಂಟ್ರಿಸ್ ವೃತ್ತಿಯಲ್ಲಿ ವಾಸ್ತುಶಿಲ್ಪಿ. ಆತ ಕೊಟ್ಟ ಧ್ವನಿಗಳನ್ನು, ಆತ ನೋಡಿಯೇ ಇರದ ಪೈಲಾಸ್‌ನ ಹಲಗೆಯೊಂದಕ್ಕೆ ಹಚ್ಚಿದಾಗ ಮುಕ್ಕಾಲಿ ಪಾತ್ರೆಯ ಚಿತ್ರದ ಪಕ್ಕದಲ್ಲಿ ಮುಕ್ಕಾಲಿ ಎಂಬ ಗ್ರೀಕ್ ಪದವೇ ಬಂತು. ಓದಿದವನು ಪಕ್ಕಕ್ಕೆ ಸರಿದರೂ ಓದು ನಡೆಯಿತು. ರಾವ್ ಅವರ ಓದನ್ನು ರಾವ್ ಅವರಿಲ್ಲದೆ ಹಾಗೆ ನಡೆಸಲು ಆಗಲಿಲ್ಲ.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದವರು ಮತ್ತೊಬ್ಬ ಕನ್ನಡಿಗ, ಎನ್. ಎಸ್. ರಾಜಾರಾಂ. ಗಣಿತ, ಎಂಜಿನಿಯರಿಂಗ್ ಹಿನ್ನೆಲೆಯವರು. ನಟವರ್ ಝಾ ಅವರೊಂದಿಗೆ 2000ದಲ್ಲಿ ತಂದ ಪುಸ್ತಕದಲ್ಲಿ ಹರಪ್ಪಾದ ಮುದ್ರೆಯೊಂದರಲ್ಲಿ ಕುದುರೆ ಇದೆಯೆಂದು ಚಿತ್ರ ಹಾಕಿದರು. ವಿಟ್ಜೆಲ್ ಮತ್ತು ಫಾರ್ಮರ್ ಅದೇ ವರ್ಷ ‘ಫ್ರಂಟ್‌ಲೈನ್’ ಪತ್ರಿಕೆಯಲ್ಲಿ, ಅದು ಒಡೆದುಹೋದ ಏಕಶೃಂಗಿ ಮುದ್ರೆಯ ಹಿಂಭಾಗ ಎಂದು ಮೂಲ ಛಾಯಾಚಿತ್ರದ ಸಮೇತ ತೋರಿಸಿದರು. ಕಂಪ್ಯೂಟರಿನಲ್ಲಿ ಸ್ಪಷ್ಟಗೊಳಿಸಿದ್ದೇ ಕುದುರೆಯಾಗಿತ್ತು. ನನ್ನ ವೃತ್ತಿಯವರಿಗೆ ಇದು ಹತ್ತಿರದ ಎಚ್ಚರಿಕೆ. ಪರ್ಯಾಯ ಇತಿಹಾಸದ ಭಾಷಣಗಳಲ್ಲಿ ಎಂಜಿನಿಯರುಗಳೇ ಹೆಚ್ಚು ಕಾಣಿಸುತ್ತೇವೆ. ಆಫೀಸಿನಲ್ಲಿ ಬೇರೆಯವರು ಪರೀಕ್ಷಿಸದೆ ಒಂದು ಸಾಲು ಕೋಡನ್ನೂ ಗಿರಾಕಿಗೆ ಕಳಿಸದ ನಾವು, ಐದು ಸಾವಿರ ವರ್ಷದ ಸಂಗತಿಗಳನ್ನು ಪರೀಕ್ಷೆಯಿಲ್ಲದೆ ರವಾನಿಸುತ್ತೇವೆ.

ಲೋಥಲ್‌ನ ಫಲಕ

ರಾವ್ ಅವರನ್ನು ಹೀಗೆ ಭಾಗ ಮಾಡಿ ಓದುವುದು ಅವರಿಗೆ ಅಗೌರವವೇ? ನನಗೆ ಹಾಗೆನಿಸುವುದಿಲ್ಲ. ದ್ವಾರಕೆಯ ಕಾಲ ಅವರು ಹೇಳಿದ್ದಲ್ಲದಿರಬಹುದು, ಆದರೆ ಭಾರತದ ಕಡಲಡಿಗೆ ಶಿಸ್ತಾಗಿ ಇಳಿದು ಹುಡುಕಬೇಕೆಂಬ ಛಲ ಅವರದು. ಅದಿಲ್ಲದಿದ್ದರೆ ಅವರನ್ನು ತಿದ್ದಿದವರೂ ನೀರಿಗಿಳಿಯುತ್ತಿರಲಿಲ್ಲ. ಮಹಾಭಾರತವನ್ನು ಗಂಭೀರವಾಗಿ ತೆಗೆದುಕೊಂಡವರನ್ನೆಲ್ಲ ನಕ್ಕು ಬದಿಗೆ ಸರಿಸುವ ವಿದ್ವಾಂಸರೂ ಈ ಲೆಕ್ಕದಲ್ಲಿ ಪಾಲುದಾರರೇ. ಅವರು ತಾಳ್ಮೆಯಿಂದ ವಿವರಿಸದ ಜಾಗವನ್ನೇ ಮೊಬೈಲ್ ಸಂದೇಶಗಳು ತುಂಬಿಕೊಂಡವು.

ಈ ಮಾತಿಗೆ ಈಗ ಅವಸರವಿದೆ. ಲೋಥಲ್‌ನಲ್ಲಿ ರಾಷ್ಟ್ರೀಯ ಕಡಲ ಪರಂಪರೆಯ ದೊಡ್ಡ ಸಂಕೀರ್ಣವೊಂದು ಮೇಲೇಳುತ್ತಿದೆ. ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು, ಶಾಲೆಯ ಪ್ರವಾಸದಲ್ಲಿ ಹೋಗುವವರು, ಅಲ್ಲಿನ ಫಲಕದಲ್ಲಿ ಬರೆದದ್ದನ್ನೇ ಓದಿಕೊಂಡು ಬರುತ್ತಾರೆ. ಫಲಕದಲ್ಲಿ ‘ಜಗತ್ತಿನ ಮೊದಲ ಹಡಗುಕಟ್ಟೆ’ ಎಂದು ಒಂದೇ ಸಾಲು ಇದ್ದರೆ ಮಗುವಿಗೆ ಮುಂದೆ ಕೇಳಲು ಏನೂ ಉಳಿಯುವುದಿಲ್ಲ. ಅದರ ಬದಲು ತೊಟ್ಟಿಯ ನಕ್ಷೆ ಹಾಕಲಿ. ಬಾಯಿ, ಕೋಡಿ, ನೆಟ್ಟಗಿನ ಗೋಡೆ ತೋರಿಸಲಿ. ರಾವ್ ಏನೆಂದರು, ಲೆಶ್ನಿಕ್ ಏನೆಂದರು, ಚಿಪ್ಪುಗಳೂ ಹಳೆಯ ಸಾಬರಮತಿಯ ಪಾತ್ರವೂ ಏನನ್ನು ಸೇರಿಸಿದವು ಎಂದು ನಾಲ್ಕು ಸಾಲಿನಲ್ಲಿ ಬರೆಯಲಿ. ತೂತಿನ ಕಲ್ಲೊಂದನ್ನು ಪಕ್ಕದಲ್ಲಿಟ್ಟು, ಇದು ಲಂಗರೋ ಏತದ ಕಲ್ಲೋ ಎಂದು ಕೇಳಲಿ. ಉತ್ತರ ಹುಡುಕಲು ಬೇಕಾದ ಅಳತೆಗಳನ್ನು ರಾವ್ ಎರಡು ಸಂಪುಟಗಳಲ್ಲಿ ಆಗಲೇ ಬರೆದಿಟ್ಟಿದ್ದಾರೆ.